ನಲವತ್ತೊಂದನೇ ದಿನ ಸಿಕ್ಕ ದೋಣಿ

ಜನವರಿ 11

ತಮ್ಮಾ,

ಈ ಸಲದ ಲಕೋಟೆ ದಪ್ಪಗಿದೆ. ಅಂಚೆ ಕಚೇರಿಯಾಕೆ ಅದನ್ನು ತಕ್ಕಡಿಯ ಮೇಲಿಟ್ಟು, "ಏನಮ್ಮ, ಹಾಸಿಗೆ ಕಳಿಸ್ತಿದ್ದೀರಾ?" ಎಂದಳು. ಹದಿನಾರು ತುಣುಕುಗಳಿವೆ. ದ್ವೀಪಕ್ಕೆ ಪತ್ರಿಕೆ ಬರುವುದಿಲ್ಲ, ರೇಡಿಯೋದಲ್ಲಿ ಗಾಳಿ ಅಲೆಗಳ ವರದಿ ಬಿಟ್ಟು ಬೇರೇನೂ ಕೇಳಿಸುವುದಿಲ್ಲ ಎಂದು ನೀನು ದೀಪಸ್ತಂಭದ ಕೆಲಸಕ್ಕೆ ಸೇರಿದ ವರ್ಷ ಬರೆದಿದ್ದೆಯಲ್ಲ, ಅಂದಿನಿಂದ ನನ್ನ ಕತ್ತರಿಗೆ ಎರಡು ಕೆಲಸ. ಬೆಳಿಗ್ಗೆ ಎಂಟು ಪತ್ರಿಕೆ ಓದಿ, ನಮ್ಮ ನೀರು ಸರಬರಾಜು ಇಲಾಖೆಯನ್ನು ಎಲ್ಲೆಲ್ಲಿ ಬೈದಿದ್ದಾರೋ ಅದನ್ನೆಲ್ಲ ಕತ್ತರಿಸಿ, ಬಿಳಿ ಹಾಳೆಗೆ ಅಂಟಿಸಿ, ಸಾಹೇಬರ ಮೇಜಿನ ಮೇಲೆ ಇಡಬೇಕು. ಬೈಗುಳ ಮುಗಿದ ಮೇಲೆ ಉಳಿದ ಲೋಕವೆಲ್ಲ ನಿನ್ನದು. ಕಚೇರಿಯಲ್ಲಿ ಈಗ ನನ್ನನ್ನು ಕರೆಯುವುದೇ ಕತ್ತರಿಯಮ್ಮ ಎಂದು.

ಎಂಬತ್ತೆರಡು ವರ್ಷದ ಅಜ್ಜಿಯೊಬ್ಬಳು ಈಜು ಕಲಿತದ್ದನ್ನು ಮೊದಲು ಓದು. ಗಡಿಯಾರದ ಗೋಪುರ ಹತ್ತಿ ಯಾರೋ ನಿಮಿಷದ ಮುಳ್ಳನ್ನು ಮಾತ್ರ ಕದ್ದುಕೊಂಡು ಹೋದದ್ದು ಆಮೇಲೆ. ಮೂರು ವರ್ಷದಿಂದ ಒಂದೂ ಮಗು ಹುಟ್ಟದ ಊರಿನಲ್ಲಿ ಶಾಲೆಯ ಗಂಟೆ ಬಿಚ್ಚಿಟ್ಟರಂತೆ. ಅದನ್ನು ಕಳಿಸಲೋ ಬೇಡವೋ ಎಂದು ಎರಡು ದಿನ ಯೋಚಿಸಿ, ಕೊನೆಗೆ ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದೇನೆ.

ನಾನು ಚೆನ್ನಾಗಿದ್ದೇನೆ. ಕಚೇರಿಯೂ ಇದ್ದ ಹಾಗೇ ಇದೆ.

ಅಕ್ಕ


ಜನವರಿ 28

ಅಕ್ಕಾ,

ಹದಿನಾರೂ ಮುಗಿದವು. ಇಲ್ಲಿ ನಾವು ಮೂರೇ ಜನ ಎಂದು ನಿನಗೆ ಗೊತ್ತು. ದೀಪ ನೋಡಿಕೊಳ್ಳುವ ನಾನು, ಯಂತ್ರ ನೋಡಿಕೊಳ್ಳುವ ಗೊರಕೆ, ನಮ್ಮಿಬ್ಬರ ಹೊಟ್ಟೆ ನೋಡಿಕೊಳ್ಳುವ ಅಡುಗೆಯಣ್ಣ. ಗೊರಕೆಗೆ ಆ ಹೆಸರು ಯಾಕೆ ಬಂತೆಂದು ಗೋಡೆಗಳನ್ನು ಕೇಳಬೇಕು. ಮಧ್ಯಾಹ್ನ ಊಟವಾದ ಮೇಲೆ ನಾನು ಗಟ್ಟಿಯಾಗಿ ಓದುತ್ತೇನೆ. ದಿನಕ್ಕೆ ಒಂದು, ಭಾನುವಾರ ಎರಡು. ಹಾಗೆ ಕಟ್ಟುನಿಟ್ಟು ಮಾಡದಿದ್ದರೆ ಟಪಾಲು ದೋಣಿ ಬರುವ ಹದಿನೈದು ದಿನಕ್ಕೆ ಸಾಲುವುದಿಲ್ಲ.

ಅಜ್ಜಿಯ ಸುದ್ದಿಯನ್ನು ಅಡುಗೆಯಣ್ಣ ಎರಡು ಸಲ ಓದಿಸಿದರು. "ನಾನು ಹುಟ್ಟಿದ್ದೇ ನೀರಿನ ಮೇಲೆ, ಇನ್ನೂ ಈಜು ಬಾರದು" ಎಂದು ಆ ತುಣುಕನ್ನು ಬೇಡಿ ತೆಗೆದುಕೊಂಡು ಉಪ್ಪಿನ ಡಬ್ಬಿಯ ಮೇಲಿನ ಗೋಡೆಗೆ ಅಂಟಿಸಿದ್ದಾರೆ. ಮುಳ್ಳು ಕದ್ದವನಿಗೆ ಎಲ್ಲಿಗೋ ತಡವಾಗಿರಬೇಕು ಎಂದು ಗೊರಕೆ ಹೇಳಿದ. ನನಗೆ ಆ ಶಾಲೆಯ ಗಂಟೆ ಮನಸ್ಸಿನಿಂದ ಹೋಗುತ್ತಿಲ್ಲ. ಬಿಚ್ಚಿದವನು ಇಳಿಸುವಾಗ ಒಮ್ಮೆಯಾದರೂ ಬಾರಿಸಿರುತ್ತಾನಾ?

ಒಂದು ವಿಷಯ. ಅಡುಗೆಯಣ್ಣನ ತಮ್ಮ ಹೋಗಿದ್ದ ಮೀನಿನ ದೋಣಿ ಆರು ದಿನದಿಂದ ಕಾಣುತ್ತಿಲ್ಲ. ಐದು ಜನ ಇದ್ದರಂತೆ. ರೇಡಿಯೋದಲ್ಲಿ ಹೆಚ್ಚೇನೂ ಹೇಳಲಿಲ್ಲ. ಪತ್ರಿಕೆಯಲ್ಲಿ ಏನು ಬಂದರೂ ತಪ್ಪದೆ ಕಳಿಸು. ಎರಡು ಸಾಲಾದರೂ ಪರವಾಗಿಲ್ಲ.

ತಮ್ಮ


ಫೆಬ್ರವರಿ 12

ತಮ್ಮಾ,

ದೋಣಿಯ ಬಗ್ಗೆ ಸಿಕ್ಕಿದ್ದು ಎರಡೇ. ಕಾಣೆಯಾದ ಮರುದಿನ ನಾಲ್ಕನೇ ಪುಟದಲ್ಲಿ ಬೆರಳಗಲದ ಸುದ್ದಿ. ಮೂರನೇ ದಿನ ಹವಾಮಾನದ ಪಕ್ಕದಲ್ಲಿ, ಹುಡುಕಾಟ ನಡೆದಿದೆ ಎಂಬ ಒಂದು ಸಾಲು. ಆಮೇಲೆ ಎಂಟು ಪತ್ರಿಕೆಯಲ್ಲೂ ಏನೂ ಇಲ್ಲ. ಹಿಂದೆ ಮುಂದೆ ತಿರುವಿ ಹಾಕಿದೆ. ಐದು ಜನರನ್ನು ಮರೆಯಲು ಪತ್ರಿಕೆಗೆ ಮೂರು ದಿನ ಸಾಕು. ಇದನ್ನು ಅವರಿಗೆ ಓದಿ ಹೇಳಬೇಡ.

ಇನ್ನು ಮುಂದೆ ತುಣುಕುಗಳ ಬದಲು ಕೈಬರಹ. ಪತ್ರಿಕೆ ಹರಿಯಬಾರದೆಂದು ಕಚೇರಿಯಲ್ಲಿ ಹೊಸ ನಿಯಮ ಮಾಡಿದ್ದಾರೆ. ನೋಡಿ ನಕಲು ಮಾಡಿದ್ದೇನೆ. ನನ್ನ ಅಕ್ಷರ ನಿನಗೆ ಹೊಸದೇನಲ್ಲ. ನಿನ್ನ ಮಗ್ಗಿ ಪುಸ್ತಕವನ್ನೆಲ್ಲ ಬರೆದುಕೊಟ್ಟವಳು ನಾನೇ. ಬಸ್ಸಿಗೆ ತಾನೇ ಹತ್ತಿ ತಾನೇ ಇಳಿಯುವ ಮೇಕೆಯ ಸುದ್ದಿ ನಿನಗೆ ಹಿಡಿಸುತ್ತದೆ ಅನ್ನಿಸುತ್ತದೆ.

ಇಲ್ಲಿ ಎಲ್ಲ ಸರಿಯಾಗಿದೆ.

ಅಕ್ಕ


ಫೆಬ್ರವರಿ 26

ಅಕ್ಕಾ,

ಮೇಕೆ ಗೆದ್ದುಬಿಟ್ಟಿತು. "ಟಿಕೆಟ್ ಕೇಳಿದರೆ ಕಿಟಕಿಯ ಕಡೆ ಮುಖ ತಿರುಗಿಸುತ್ತದೆ" ಎಂದು ಕಂಡಕ್ಟರ್ ಹೇಳಿದ ಮಾತಿಗೆ ಗೊರಕೆ ಬೆಂಚಿನಿಂದ ಜಾರಿಬಿದ್ದ. ಅಚ್ಚಾದ ತುಣುಕಿಗಿಂತ ನಿನ್ನ ಕೈಬರಹದ ಸುದ್ದಿಯೇ ಚೆನ್ನ. ಯಾರೋ ಎದುರಿಗೆ ಕೂತು ಹೇಳಿದ ಹಾಗಿರುತ್ತದೆ.

ಅಡುಗೆಯಣ್ಣ ಮಾತ್ರ ನಗಲಿಲ್ಲ. ಹುಡುಕಾಟ ನಿಲ್ಲಿಸಿದ್ದಾರೆ. ಅವರು ಮಾತು ಬಿಟ್ಟು ಇವತ್ತಿಗೆ ಹನ್ನೆರಡು ದಿನ. ತಟ್ಟೆ ಇಡುತ್ತಾರೆ, ತಟ್ಟೆ ತೆಗೆಯುತ್ತಾರೆ. ಅಡುಗೆಗೆ ಉಪ್ಪು ಹಾಕುವುದನ್ನು ಮರೆತಿದ್ದಾರೆ, ನಾವೂ ಹೇಳುವುದಿಲ್ಲ. ದಿನಾ ಮೂರು ಗಂಟೆಗೆ ಬಂಡೆಯ ಮೇಲೆ ಹೋಗಿ ನಿಲ್ಲುತ್ತಾರೆ. ಮೂರೇ ಜನ ಇರುವ ಕಡೆ ಒಬ್ಬರು ಸುಮ್ಮನಾದರೆ ಲೋಕದಲ್ಲಿ ಮೂರನೇ ಒಂದು ಪಾಲು ಸುಮ್ಮನಾದ ಹಾಗೆ.

ಕೆಟ್ಟ ಸುದ್ದಿ ಇದ್ದರೆ ಸದ್ಯಕ್ಕೆ ನಿನ್ನ ಹತ್ತಿರವೇ ಇರಲಿ. ಏನಾದರೂ ಒಳ್ಳೆಯದು ಹುಡುಕಿ ಕಳಿಸು.

ತಮ್ಮ


ಮಾರ್ಚ್ 12

ತಮ್ಮಾ,

ಈ ಸಲ ಹೆಚ್ಚು ಬರೆಯುವುದಿಲ್ಲ, ಸುದ್ದಿ ಒಂದೇ ಸಾಕು ಅನ್ನಿಸಿತು. ಎಲ್ಲೋ ದೂರದ ಸಮುದ್ರದಲ್ಲಿ ನಡೆದದ್ದು.

"ಯಂತ್ರ ಕೆಟ್ಟು ದಿಕ್ಕು ತಪ್ಪಿದ್ದ ಮೀನಿನ ದೋಣಿಯೊಂದು ನಲವತ್ತೊಂದನೇ ದಿನ ಸರಕು ಹಡಗಿನ ಕಣ್ಣಿಗೆ ಬಿದ್ದಿದ್ದು, ಅದರಲ್ಲಿದ್ದ ಮೂವರೂ ಬದುಕಿ ಬಂದಿದ್ದಾರೆ. ಮಳೆಯ ನೀರನ್ನು ಹಾಯಿಯಲ್ಲಿ ಹಿಡಿದು ಕುಡಿದೆವು, ಹಸಿ ಮೀನು ತಿಂದೆವು ಎಂದು ಅವರಲ್ಲಿ ಹಿರಿಯವ ತಿಳಿಸಿದ. ಹಸಿವನ್ನು ಹೇಗೆ ತಡೆದಿರಿ ಎಂದು ಕೇಳಿದ್ದಕ್ಕೆ ಆತ, 'ಹಸಿವು ನೆಂಟನ ಹಾಗೆ, ಮಾತಾಡಿಸದೆ ಕೂತರೆ ತಾನೇ ಎದ್ದು ಹೋಗುತ್ತಾನೆ' ಎಂದ. ದಡ ಮುಟ್ಟಿದ ಕೂಡಲೇ ಮೂವರೂ ಮೊದಲು ಕೇಳಿದ್ದು ಒಣಗಿದ ಬಟ್ಟೆಯನ್ನು."

ಅಡುಗೆಯಣ್ಣನಿಗೆ ಓದಿ ಹೇಳು. ಊಟ ಮಾಡಲಿ.

ಅಕ್ಕ


ಮಾರ್ಚ್ 27

ಅಕ್ಕಾ,

ಈ ಪತ್ರ ಕೊಡುವವರೇ ಅಡುಗೆಯಣ್ಣ. ಅವರನ್ನು ನಿಲ್ಲಿಸಿಕೊಂಡು ಓದಬೇಡ, ಒಳಗೆ ಕೂರಿಸು.

ನಿನ್ನ ಸುದ್ದಿ ಬಂದ ದಿನಕ್ಕೆ ಅವರ ತಮ್ಮ ಕಾಣೆಯಾಗಿ ಐವತ್ತೊಂದು ದಿನವಾಗಿತ್ತು. ನಾನು ಓದಿ ಮುಗಿಸಿದ ಮೇಲೆ ಅವರು, "ನಲವತ್ತೊಂದು ಆಗೋದಾದ್ರೆ ಐವತ್ತೊಂದು ಯಾಕಾಗ್ಬಾರ್ದು?" ಎಂದರು. ಅಂದಿನ ಅಡುಗೆಗೆ ಉಪ್ಪು ಇತ್ತು.

ಅವರ ತಮ್ಮನ ಹೆಂಡತಿ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು, ಗಂಡ ತೀರಿಕೊಂಡನೆಂದು ಒಪ್ಪುವ ಕಾಗದ. ಮಾರ್ಚ್ ಇಪ್ಪತ್ತರೊಳಗೆ ಹಾಕಿದರೆ ಬಂದರಿನಲ್ಲಿ ಅವಳಿಗೆ ಕೆಲಸ ಕೊಡುತ್ತಿದ್ದರು. ಇವರು ಮರುದಿನವೇ ನಮ್ಮ ರೇಡಿಯೋದಿಂದ ಬಂದರಿಗೆ ಹೇಳಿಕಳಿಸಿ ಸಹಿ ಬೇಡ ಎಂದು ತಡೆದರು. ಈಗ ರಜೆ ಹಾಕಿ ಬರುತ್ತಿದ್ದಾರೆ. ಆ ಸುದ್ದಿ ಬಂದ ಪತ್ರಿಕೆಯನ್ನು ಕಣ್ಣಾರೆ ನೋಡಿ, ಅದು ಯಾವ ಸಮುದ್ರ, ಯಾವ ಹಡಗು ಎಂದು ತಿಳಿದು, ಬಂದರಿನ ಅಧಿಕಾರಿಗೆ ತೋರಿಸಿ ಮತ್ತೆ ಹುಡುಕಿಸಬೇಕಂತೆ. ಪತ್ರಿಕೆ ಕೊಟ್ಟುಬಿಡು.

ತಮ್ಮ


ಏಪ್ರಿಲ್ 2

ತಮ್ಮಾ,

ಇದನ್ನು ಒಬ್ಬನೇ ಓದಿಕೋ.

ಭಾನುವಾರ ಹನ್ನೊಂದರ ಹೊತ್ತಿಗೆ ಕೆಳಗಿನ ಸೈಕಲ್ ಅಂಗಡಿಯವನು ಮೆಟ್ಟಿಲ ಬುಡದಿಂದ, "ಅಮ್ಮಾ, ನಿಮ್ಮನ್ನ ಕೇಳ್ಕೊಂಡು ಯಾರೋ ಬಂದಿದ್ದಾರೆ" ಎಂದು ಕೂಗಿದ. ನನ್ನನ್ನು ಕೇಳಿಕೊಂಡು ಯಾರೂ ಬರುವುದಿಲ್ಲ, ಅವನ ದನಿಯಲ್ಲೂ ಆ ಆಶ್ಚರ್ಯವಿತ್ತು. ಅಡುಗೆಯಣ್ಣ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುವೆ ಮನೆಗೆ ಬಂದವರ ಹಾಗೆ ಬಾಗಿಲಲ್ಲಿ ನಿಂತಿದ್ದರು. ಕೂರಿಸಿದೆ. ನಿನ್ನ ಪತ್ರ ಓದುತ್ತ ಚಹಾಕ್ಕೆ ಇಟ್ಟೆ. ನೀರು ಕುದಿದು ಅರ್ಧಕ್ಕೆ ಬಂದರೂ ಪುಡಿ ಹಾಕಲು ನನಗೆ ಕೈ ಬರಲಿಲ್ಲ.

"ಪೇಪರ್ ಒಂದ್ಸಲ ತೋರ್ಸಿ ಅಕ್ಕ" ಎಂದರು.

ಹೇಡಿತನದಲ್ಲಿ, ರದ್ದಿಗೆ ಹೋಯಿತು ಎಂದುಬಿಟ್ಟೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವರು ಎದ್ದು ಚಪ್ಪಲಿ ಹುಡುಕಿದರು.

"ರದ್ದಿ ಅಂಗಡಿ ಎಲ್ಲಿದೆ ಹೇಳಿ. ನಾನು ಕೂತು ಹುಡುಕ್ತೀನಿ. ನಂಗೆ ಒಂದು ವಾರ ರಜ ಇದೆ."

ಆಗ ಹೇಳಿದೆ. "ಅಂಥ ಪೇಪರ್ ಇಲ್ಲ. ಅದನ್ನ ಬರೆದದ್ದು ನಾನು."

"ನೀವೇ ಬರ್ದಿದ್ದು ಅಂತ ಗೊತ್ತಲ್ಲ ಅಕ್ಕ. ಅಕ್ಷರ ನಿಮ್ದೇ."

"ಹಾಗಲ್ಲ. ನೋಡಿ ಬರೆದದ್ದಲ್ಲ, ನಾನೇ ಕಟ್ಟಿದ್ದು. ಆ ದೋಣಿ ಇಲ್ಲ. ಆ ಮೂವರೂ ಇಲ್ಲ."

ಅವರು ಚಪ್ಪಲಿಯಿಂದ ಕಾಲು ತೆಗೆದು ಮತ್ತೆ ಕೂತರು. ಕೂಗಾಡಿದ್ದರೆ ಚೆನ್ನಾಗಿತ್ತು. "ಮೇಕೆ?" ಎಂದು ಕೇಳಿದರು.

"ಅದೂ ಇಲ್ಲ."

"ಈಜು ಕಲಿತ ಅಜ್ಜಿ?"

"ಅದು ನಿಜ. ಅಚ್ಚಾದ ತುಣುಕೇ ನಿಮ್ಮ ಹತ್ತಿರ ಇದೆ."

"ಹೂಂ" ಎಂದರು. ಆಮೇಲೆ ನನ್ನನ್ನಲ್ಲ, ತಮ್ಮ ಕೈಗಳನ್ನು ಕೇಳಿದ ಹಾಗೆ, "ಆ ಹುಡುಗಿಗೆ ಈಗ ಏನಂತ ಹೇಳ್ಲಿ?" ಎಂದರು.

"ನಾನು ಬಂದು ಹೇಳ್ತೀನಿ" ಎಂದೆ.

ತಮ್ಮಾ, ನಿನಗೂ ಒಂದು ಹೇಳಬೇಕು. ಜನವರಿ ಕೊನೆಗೆ ಕಚೇರಿಯಲ್ಲಿ ನನ್ನ ಮೇಜು ತೆಗೆದರು. ಬೈಗುಳ ಹುಡುಕುವ ಕೆಲಸ ಈಗ ಕಂಪ್ಯೂಟರ್ ಮಾಡುತ್ತದೆ. ನನ್ನನ್ನು ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಕತ್ತರಿ ಇಲಾಖೆಯದು, ವಾಪಸ್ ಇಸಿದುಕೊಂಡರು. ಅಂದಿನಿಂದ ದಿನಾ ಗ್ರಂಥಾಲಯದ ವಾಚನಾಲಯದಲ್ಲಿ ಕೂತು ಪತ್ರಿಕೆ ಓದಿ ನಿನಗೆ ನಕಲು ಮಾಡುತ್ತಿದ್ದೆ. ಒಂದು ದಿನ ನಕಲು ಮಾಡುವಂಥದ್ದು ಏನೂ ಸಿಗಲಿಲ್ಲ, ಮೇಕೆಯನ್ನು ಬಸ್ಸು ಹತ್ತಿಸಿದೆ. ಅದನ್ನು ಬರೆದ ಸಂಜೆ ಎಷ್ಟೋ ದಿನದ ಮೇಲೆ ಒಬ್ಬಳೇ ನಕ್ಕಿದ್ದೆ. ಅಲ್ಲಿಂದ ದಾರಿ ಇಳಿಜಾರು. ದೋಣಿಯ ಸುದ್ದಿ ಬರೆದದ್ದು ಅವರು ಊಟ ಮಾಡಲಿ ಎಂದೇ. ಆದರೆ ನೀನು "ನಿನ್ನ ಕೈಬರಹದ ಸುದ್ದಿಯೇ ಚೆನ್ನ" ಎಂದು ಬರೆದಿದ್ದೆಯಲ್ಲ, ಆ ಮಾತು ಇನ್ನೊಮ್ಮೆ ಬರಲಿ ಎಂದೂ ಇತ್ತು. ಅದನ್ನು ಮುಚ್ಚಿಟ್ಟರೆ ಇದೂ ಒಂದು ಕಟ್ಟಿದ ಸುದ್ದಿಯೇ ಆಗುತ್ತದೆ.

ಸೋಮವಾರ ಇಬ್ಬರೂ ಹೋದೆವು. ಆಕೆ ಮನೆಯ ಮುಂದೆ ಬಲೆ ಹೆಣೆಯುತ್ತಿದ್ದಳು. ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸಿರಬಹುದು. ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ.

"ಅವ್ರು ಬರಲ್ಲ ಅಂತ ನಂಗೆ ಮೊದಲನೇ ವಾರವೇ ಗೊತ್ತಾಗಿತ್ತು" ಎಂದಳು. "ಭಾವ ಹೇಳಿಕಳಿಸಿದ್ರಲ್ಲ, ಅಂಥ ಹೊತ್ತಲ್ಲಿ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಅದಕ್ಕೇ ಸುಮ್ನಿದ್ದೆ." ಆಮೇಲೆ ನನ್ನ ಕಡೆ ತಿರುಗಿದಳು. "ಆದ್ರೆ ನೀವ್ಯಾರು? ನಮ್ಮನೆ ಸಾವನ್ನ ಹಿಂದೆ ಮುಂದೆ ಮಾಡೋಕೆ ನೀವ್ಯಾರು?"

 

ಗಡುವು ದಾಟಿ ಹನ್ನೊಂದು ದಿನವಾಗಿತ್ತು. ಮಂಗಳವಾರ ಅಲ್ಲೇ ಬಂದರಿನ ಕಚೇರಿಯ ಬೆಂಚಿನ ಮೇಲೆ ಕೂತು ಅರ್ಜಿ ಬರೆದೆ. ಮೂವತ್ತೊಂದು ವರ್ಷ ಕಚೇರಿಯಲ್ಲಿ ಇದ್ದವಳಿಗೆ ಅದೊಂದು ಬರುತ್ತದೆ. "ವಿಳಂಬಕ್ಕೆ ಅರ್ಜಿದಾರರು ಕಾರಣರಲ್ಲ. ಕೆಳಗೆ ಸಹಿ ಮಾಡಿರುವ ನಾನು ನಡೆಯದ ಸುದ್ದಿಯೊಂದನ್ನು ನಡೆದದ್ದೆಂದು ಬರೆದು ಕಳಿಸಿದ್ದರಿಂದ ಅವರ ಮನೆಯವರು ಸಹಿಯನ್ನು ತಡೆದಿರುತ್ತಾರೆ." ಅಧಿಕಾರಿ ಎರಡು ಸಲ ಓದಿ, ಕನ್ನಡಕ ತೆಗೆದು, "ಇಂಥ ಅರ್ಜಿ ನಾನು ನೋಡಿಲ್ಲ" ಎಂದರು. ನೋಡೋಣ ಎಂದಿದ್ದಾರೆ.

ಈ ಪತ್ರವನ್ನು ಅಡುಗೆಯಣ್ಣನ ಕೈಯಲ್ಲಿ ಕೊಡುತ್ತಿಲ್ಲ. ಅವರಿಗೆ ನನ್ನಿಂದ ಹೊರಿಸಿದ್ದು ಸಾಕು. ಅಂಚೆಯಲ್ಲೇ ಬರಲಿ.

ಅಕ್ಕ


ಏಪ್ರಿಲ್ 26

ತಮ್ಮಾ,

ನಿನ್ನೆ ಟಪಾಲು ದೋಣಿ ಬಂತು. ನಿನ್ನದು ಏನೂ ಇರಲಿಲ್ಲ. ಅಂಚೆ ಕಚೇರಿಯಾಕೆ ಚೀಲವನ್ನು ತಲೆಕೆಳಗು ಮಾಡಿ ತೋರಿಸಿದಳು.

ಸಿಟ್ಟು ಬಂದಿದ್ದರೆ ಸಿಟ್ಟನ್ನೇ ಬರೆ. ಹುಷಾರಿಲ್ಲದಿದ್ದರೆ ಗೊರಕೆಯ ಕೈಲಾದರೂ ಒಂದು ಸಾಲು ಬರೆಸು. ನಾನು ಸುದ್ದಿ ಏನೂ ಕಳಿಸುತ್ತಿಲ್ಲ.

ಅಕ್ಕ


ಮೇ 10

ತಮ್ಮಾ,

ಈ ಸಲವೂ ಇಲ್ಲ. ನಾನು ಕಿಂಡಿಯ ಮುಂದೆ ಹೋಗಿ ನಿಲ್ಲುವ ಮೊದಲೇ ಆಕೆ ತಲೆಯಾಡಿಸಿದಳು.

ಅಡುಗೆಯಣ್ಣನಿಗೆ ಹೇಳು: ಅರ್ಜಿ ಒಪ್ಪಿದ್ದಾರೆ. ಅವರ ತಮ್ಮನ ಹೆಂಡತಿ ಒಂದನೇ ತಾರೀಖಿನಿಂದ ಬಂದರಿನಲ್ಲಿ ಮೀನು ತೂಗುವ ಕಡೆ ಕೆಲಸಕ್ಕೆ ಹೋಗುತ್ತಿದ್ದಾಳೆ. ಇದು ಯಾರೋ ಹೇಳಿದ್ದಲ್ಲ, ನಾನೇ ಹೋಗಿ ದೂರದಿಂದ ನೋಡಿ ಬಂದೆ. ದೊಡ್ಡ ರಬ್ಬರ್ ಬೂಟು ಹಾಕಿಕೊಂಡಿದ್ದಳು, ಅಳತೆಯದಲ್ಲ, ನಡೆಯುವಾಗ ಕಾಲು ಎತ್ತಿ ಎತ್ತಿ ಇಡುತ್ತಿದ್ದಳು. ನನ್ನನ್ನು ಕಂಡಳು. ಮಾತಾಡಿಸಲಿಲ್ಲ.

ಅಕ್ಕ


ಮೇ 22

ಅಕ್ಕಾ,

ಮೂರು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಹಸಿವು ನೆಂಟನ ಹಾಗೆ ಎಂಬ ಮಾತು ಅಮ್ಮನದು. ಲೋಕದಲ್ಲಿ ಬೇರೆ ಯಾರ ಬಾಯಲ್ಲೂ ನಾನು ಅದನ್ನು ಕೇಳಿಲ್ಲ. ಆ ಸಾಲಿಗೆ ಬಂದಾಗಲೇ ನನಗೆ ಇದು ಪತ್ರಿಕೆಯದಲ್ಲ, ನಮ್ಮ ಮನೆಯದು ಎಂದು ಗೊತ್ತಾಯಿತು. ಒಂದು ಕ್ಷಣ ನಿಲ್ಲಿಸಿದೆ. ಅಡುಗೆಯಣ್ಣ ತಲೆ ಎತ್ತಿ ನನ್ನನ್ನು ನೋಡುತ್ತಿದ್ದರು. ಎಷ್ಟೋ ದಿನದ ಮೇಲೆ ಒಬ್ಬ ಮನುಷ್ಯ ನನ್ನ ಮುಖ ನೋಡುತ್ತಿದ್ದ. ಮುಂದಕ್ಕೆ ಓದಿಬಿಟ್ಟೆ. ಅವರು ರೇಡಿಯೋ ಹಿಡಿದು ಸಹಿ ಬೇಡ ಎಂದು ಹೇಳುವಾಗಲೂ ಪಕ್ಕದಲ್ಲೇ ನಿಂತಿದ್ದೆ. ನಿನ್ನ ಹತ್ತಿರ ಕಳಿಸುವಾಗ, ಹೇಳುವ ಕಷ್ಟ ನಿನಗಿರಲಿ ಎಂದೇ ಕಳಿಸಿದೆ.

ಅವರು ವಾಪಸ್ ಬಂದ ಮೇಲೆ ನಿನ್ನ ಪತ್ರಗಳು ಒಡೆಯದೆ ಕಪಾಟಿನಲ್ಲಿ ಬಿದ್ದಿರುವುದನ್ನು ನೋಡುತ್ತಿದ್ದರು. ಹೋದ ವಾರ ಪಾತ್ರೆ ಉಜ್ಜುತ್ತ, "ಅವತ್ತು ಓದ್ತಾ ಓದ್ತಾ ನಿಲ್ಲಿಸಿದೆಯಲ್ಲ, ನಿಂಗೆ ಗೊತ್ತಾಗಿತ್ತಾ?" ಎಂದು ಕೇಳಿದರು.

"ಗೊತ್ತಾಗಿತ್ತು" ಎಂದೆ.

"ಹಂಗಾದ್ರೆ ಸಿಟ್ಟೆಲ್ಲ ನಿಮ್ಮಕ್ಕನ ಮೇಲೇ ಯಾಕೆ?"

ಪಾತ್ರೆ ಕೈಗೆ ಕೊಟ್ಟರು, ಒರೆಸಿದೆ. ಮೂರೂ ಪತ್ರ ಅಂದೇ ಒಡೆದೆ. ಅರ್ಜಿ ಒಪ್ಪಿದ್ದನ್ನು ಓದಿ ಹೇಳಿದೆ. ಬೂಟಿನ ವಿಷಯ ಬಂದಾಗ ಅವರು ಎದ್ದು ಹೊರಗೆ ಹೋದರು. ನಿನ್ನನ್ನು ಕ್ಷಮಿಸಿದ್ದಾರೆಯೇ ಎಂದು ನಾನು ಕೇಳಿಲ್ಲ, ಕೇಳುವ ಮುಖವೂ ನನಗಿಲ್ಲ.

ಇನ್ನೊಂದು ಮುಚ್ಚಿಟ್ಟದ್ದಿದೆ. ನಿನ್ನ ಊರಿನ ಬಂದರಿಗೆ ವರ್ಗ ಕೊಡುತ್ತೇವೆ ಎಂದು ಇಲಾಖೆ ಮೂರು ಸಲ ಕೇಳಿತ್ತು. ಮೂರು ಸಲವೂ ಬೇಡ ಎಂದೆ. ಇಲ್ಲಿ ಒಂಟಿಯಾಗಿದ್ದರೆ ಸಮುದ್ರವನ್ನು ದೂರಬಹುದು. ಅಲ್ಲಿಗೆ ಬಂದೂ ಒಂಟಿಯಾಗಿಯೇ ಉಳಿದರೆ ಯಾರನ್ನು ದೂರಲಿ ಎಂಬ ಭಯ. ನಿನಗೆ ನಿನ್ನ ಕಚೇರಿ ಇದೆ, ಜನ ಇದ್ದಾರೆ, ಕತ್ತರಿಯಮ್ಮ ಎಂದು ಕರೆಯುತ್ತಾರೆ, ನಾನು ಬಂದರೆ ಅಡ್ಡ ಎಂದೂ ಅಂದುಕೊಂಡಿದ್ದೆ.

ಬರೆಯುವುದನ್ನು ನಿಲ್ಲಿಸಬೇಡ. ಲೋಕದ ಸುದ್ದಿ ಹೇಗೋ ಆಗುತ್ತದೆ. ನಿನ್ನ ಒಂದು ದಿನ ಹೇಗಿರುತ್ತದೆ ಎಂದು ಇಷ್ಟು ವರ್ಷದಲ್ಲಿ ನೀನು ಬರೆದೇ ಇಲ್ಲ, ನಾನೂ ಕೇಳಿಲ್ಲ.

ತಮ್ಮ


ಜೂನ್ 6

ತಮ್ಮಾ,

ಮೂರು ಸಲ ಎಂಬುದನ್ನು ಓದಿ ಪತ್ರ ಮಡಚಿಟ್ಟು ಹೊರಗೆ ಹೋದೆ. ಬಂದರಿನವರೆಗೂ ನಡೆದೆ. ಅಲ್ಲಿ ಸಿಬ್ಬಂದಿಯ ಮನೆಗಳ ಸಾಲು ಇದೆ, ಹಸಿರು ಬಾಗಿಲು. ನಾನು ತರಕಾರಿಗೆ ಹೋಗುವ ದಾರಿಯೇ ಅದು. ನಾಲ್ಕನೇ ಸಲ ಕೇಳಿದರೆ ಹೂಂ ಅನ್ನು ಎಂದು ನಾನು ಬರೆಯುವುದಿಲ್ಲ. ಆ ಬಾಗಿಲು ಹಸಿರು ಎಂದು ಮಾತ್ರ ಬರೆಯುತ್ತಿದ್ದೇನೆ.

ನನ್ನ ದಿನ ಕೇಳಿದ್ದೀಯ. ನಿನ್ನೆಯದನ್ನು ಬರೆಯುತ್ತೇನೆ, ಒಂದಕ್ಷರವೂ ಕಟ್ಟಿದ್ದಲ್ಲ.

ಆರಕ್ಕೆ ಎದ್ದೆ. ಹಾಲು ಒಡೆದಿತ್ತು, ಕಪ್ಪು ಚಹಾ ಕುಡಿದೆ. ಅಭ್ಯಾಸಬಲದಿಂದ ಒಂಬತ್ತಕ್ಕೆ ಕಚೇರಿಯ ಸೀರೆ ಉಟ್ಟುಬಿಟ್ಟಿದ್ದೆ, ಬದಲಾಯಿಸಲಿಲ್ಲ. ಸೈಕಲ್ ಅಂಗಡಿಯವನು, "ಬಿಸಿಲು ಜೋರಿದೆ" ಎಂದ. "ಹೌದು" ಎಂದೆ. ಮಧ್ಯಾಹ್ನದವರೆಗೆ ನಾನು ಆಡಿದ ಮಾತು ಅದೊಂದೇ.

ವಾಚನಾಲಯದಲ್ಲಿ ನಾನು ಕೂರುವುದು ಕಿಟಕಿಯ ಪಕ್ಕದ ಉದ್ದ ಮೇಜಿನ ಕೊನೆಗೆ. ಪಕ್ಕದ ಕುರ್ಚಿಯ ಮೇಲೆ ನನ್ನ ಚೀಲ ಇಡುತ್ತೇನೆ. ಯಾರೋ ಎದ್ದು ಹೋಗಿದ್ದಾರೆ, ಈಗ ಬರುತ್ತಾರೆ ಎಂದು ನೋಡುವವರಿಗೆ ಅನ್ನಿಸಲಿ ಎಂದು. ಫೆಬ್ರವರಿಯಿಂದ ಹಾಗೆಯೇ ಇಡುತ್ತಿದ್ದೇನೆ. ನಿನ್ನೆ ವಯಸ್ಸಾದವರೊಬ್ಬರು ಬಂದು, "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿದರು. ಇದ್ದಾರೆ ಎನ್ನಲು ಬಾಯಿ ತೆರೆದೆ.

"ಇಲ್ಲ, ಯಾರೂ ಇಲ್ಲ" ಎಂದು ಚೀಲ ತೆಗೆದೆ.

ಅವರು ಕೂತು ಕ್ರೀಡಾ ಪುಟ ಓದಿದರು. ನಾನು ಒಳಪುಟ ಓದಿದೆ. ಒಂದು ಗಂಟೆಯಾದರೂ ಕೂತಿದ್ದೆವು. ಒಂದು ಸಲ ಕೆಮ್ಮಿದರು, ಒಂದು ಸಲ ಪುಟ ಮಗುಚುವಾಗ ಅವರ ಮೊಣಕೈ ನನ್ನ ಪತ್ರಿಕೆಗೆ ತಾಗಿತು. ಮಾತಿಲ್ಲ, ಕತೆಯಿಲ್ಲ. ಆಮೇಲೆ ಎದ್ದು ಹೋದರು.

ನಾನು ಮುಚ್ಚುವ ಹೊತ್ತಿನವರೆಗೂ ಕೂತಿದ್ದೆ. ಚೀಲವನ್ನು ಮತ್ತೆ ಆ ಕುರ್ಚಿಯ ಮೇಲೆ ಇಡಲಿಲ್ಲ.

ಅಕ್ಕ